ಪಿಂಗ್ ಆಗುತ್ತದೆ, ಮಾನಿಟರಿಂಗ್ ಸ್ಕ್ರಿಪ್ಟ್‌ಗೆ ಮಾತ್ರ ಸ್ವಿಚ್ ಸಿಗುತ್ತಿಲ್ಲ. ಯಾಕೆ?

ನಿಮ್ಮ ಪೀಣ್ಯ ಫ್ಯಾಕ್ಟರಿಯ ಸ್ವಿಚ್ ಪಿಂಗ್‌ಗೆ ಉತ್ತರ ಕೊಡುತ್ತಿದೆ, ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನಗಳ ಸ್ಥಿತಿ ಕೇಳುವ ಪ್ರೋಟೊಕಾಲ್) ಸ್ಕ್ರಿಪ್ಟ್ ಮಾತ್ರ ಟೈಮ್‌ಔಟ್ ಅನ್ನುತ್ತಿದೆ, ಅಲ್ವಾ? ಹಾಗಾದರೆ ಕೇಬಲ್ ಮುಟ್ಟಬೇಡಿ. ಪಿಂಗ್ ಹೋಗುವುದು ಐಸಿಎಂಪಿ ಅನ್ನುವ ಬೇರೆ ಪ್ರೋಟೊಕಾಲ್‌ನಲ್ಲಿ, ಎಸ್‌ಎನ್‌ಎಂಪಿ ಹೋಗುವುದು ಯುಡಿಪಿ ಪೋರ್ಟ್ 161ಕ್ಕೆ. ಫೈರ್‌ವಾಲ್ ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯಬಹುದು.

ಆದರೆ ನಾನು ಮೊದಲು ಅನುಮಾನಪಡುವುದು ಕಮ್ಯುನಿಟಿ ಸ್ಟ್ರಿಂಗ್ ಮೇಲೆ, ಅಂದರೆ ಎಸ್‌ಎನ್‌ಎಂಪಿಯಲ್ಲಿ ಪಾಸ್‌ವರ್ಡ್‌ನಂತೆ ಕಳಿಸುವ ಪದದ ಮೇಲೆ. ಎಸ್‌ಎನ್‌ಎಂಪಿ ವರ್ಷನ್ 2ಸಿಯಲ್ಲಿ ಅದು ತಪ್ಪಿದ್ದರೆ ಸ್ವಿಚ್ ‘ತಪ್ಪು’ ಅಂತ ನಿಮಗೆ ಹೇಳುವುದಿಲ್ಲ, ಸುಮ್ನೆ ಇದ್ದುಬಿಡುತ್ತದೆ. ಸ್ಕ್ರಿಪ್ಟ್‌ಗೆ ಕಾಣುವುದು ಅದೇ ಟೈಮ್‌ಔಟ್. ವೈಟ್‌ಫೀಲ್ಡ್‌ನ ಆಫೀಸೊಂದರಲ್ಲಿ ಇದಕ್ಕೇ ನನ್ನ ಅರ್ಧ ರಾತ್ರಿ ಹೋಯಿತು. ಕೈಯಲ್ಲಿ ಟೈಪ್ ಮಾಡಿದರೆ ಉತ್ತರ ಬರುತ್ತಿತ್ತು, ಸ್ಕ್ರಿಪ್ಟ್‌ನಿಂದ ಇಲ್ಲ. ಕೊನೆಗೆ ನೋಡಿದರೆ, ಸ್ಟ್ರಿಂಗನ್ನು ಫೈಲಿನಿಂದ ಓದುವಾಗ ಅದರ ಬಾಲಕ್ಕೆ ಒಂದು ನ್ಯೂಲೈನ್ (ಸಾಲು ಮುಗಿಸುವ, ಕಣ್ಣಿಗೆ ಕಾಣದ ಅಕ್ಷರ) ಅಂಟಿಕೊಂಡು ಬರುತ್ತಿತ್ತು! ಪೈಥಾನ್ ಆದರೆ ಓದಿದ ಮೇಲೆ ‘ಸ್ಟ್ರಿಪ್’ ಮಾಡಿ. ದೊಡ್ಡಕ್ಷರ, ಸಣ್ಣಕ್ಷರವನ್ನೂ ನೋಡಿ.

ಆಮೇಲೂ ಆಗದಿದ್ದರೆ ಸರ್ವರ್‌ನಲ್ಲಿ ಟಿಸಿಪಿಡಂಪ್ (ಹೋಗಿ ಬರುವ ಪ್ಯಾಕೆಟ್‌ಗಳನ್ನು ತೋರಿಸುವ ಟೂಲ್) ಹಾಕಿ ಪೋರ್ಟ್ 161 ಗಮನಿಸಿ. ಪ್ಯಾಕೆಟ್ ಹೊರಡುವುದೇ ಇಲ್ಲವೇ? ತೊಂದರೆ ನಿಮ್ಮ ಸರ್ವರ್‌ನಲ್ಲೇ ಇದೆ. ಹೊರಟರೂ ಉತ್ತರ ಬರುತ್ತಿಲ್ಲವೇ? ಸ್ವಿಚ್‌ನ ಆಕ್ಸೆಸ್ ಲಿಸ್ಟ್ (ಯಾವ ಐಪಿಗೆ ಉತ್ತರಿಸಬೇಕು ಅನ್ನುವ ಪಟ್ಟಿ) ತೆರೆದು ನೋಡಿ. ಸರ್ವರ್ ಬದಲಾದ ಮೇಲೂ ಎಷ್ಟೋ ಕಡೆ ಹಳೆಯ ಐಪಿಯೇ ಅಲ್ಲಿ ಕೂತಿರುತ್ತದೆ. ಉತ್ತರ ಬಂದೂ ಸ್ಕ್ರಿಪ್ಟ್‌ಗೆ ಸಿಗದಿದ್ದರೆ, ನೀವು ಕೇಳಿದ ಐಪಿ ಬಿಟ್ಟು ಬೇರೆ ಐಪಿಯಿಂದ ಅದು ಬರುತ್ತಿದೆಯೇ ನೋಡಿ. ಹಾಗಿದ್ದರೆ ಸರ್ವರ್‌ನ ಫೈರ್‌ವಾಲ್ ಅದನ್ನು ಒಳಗೆ ಬಿಡದಿರಬಹುದು.

ಡಂಪ್‌ನ ನಾಲ್ಕು ಸಾಲು ಇಲ್ಲಿ ಹಾಕಿ, ಆದರೆ ಅದಕ್ಕೂ ಮೊದಲು ಕಮ್ಯುನಿಟಿ ಸ್ಟ್ರಿಂಗ್ ಅಳಿಸಿ. 2ಸಿಯಲ್ಲಿ ಅದು ಎನ್‌ಕ್ರಿಪ್ಟ್ ಆಗದೆ ಇದ್ದ ಹಾಗೇ ಹೋಗುತ್ತದೆ, ಡಂಪ್‌ನಲ್ಲೂ ಕಾಣುತ್ತದೆ.