ಹೆರಾಲ್ಡ್ ಕಾರಿನ ಎರಡೂ ಮೀಟರ್ ಮುಳ್ಳು ಮೇಲಕ್ಕೆ ಏರಿದರೆ ಮೊದಲು ಅರ್ಥಿಂಗ್ ನೋಡಿ

ಸರ್, ಸೆಂಡರ್ (ಪೆಟ್ರೋಲ್ ಮಟ್ಟವನ್ನೋ ಬಿಸಿಯನ್ನೋ ಅಳೆದು ಮೀಟರಿಗೆ ತಿಳಿಸುವ ಭಾಗ) ಆರ್ಡರ್ ಮಾಡಬೇಡಿ, ಸ್ವಲ್ಪ ತಡೆಯಿರಿ. ನಿಮ್ಮ 1969ರ ಟ್ರಯಂಫ್ ಹೆರಾಲ್ಡ್ 13/60ರಲ್ಲಿ ಅರ್ಧ ಟ್ಯಾಂಕ್ ಇದ್ದರೂ ಪೆಟ್ರೋಲ್ ಮುಳ್ಳು ಫುಲ್ ಹತ್ತಿರ ಹೋಗುತ್ತದೆ, ಟೆಂಪರೇಚರ್ ಮುಳ್ಳೂ ಕೆಂಪಿನ ಕಡೆಗೆ ಏರುತ್ತದೆ, ಆದರೆ ಎಂಜಿನ್ ಅಷ್ಟೇನೂ ಬಿಸಿ ಇಲ್ಲ ಅಂತ ಬರೆದಿದ್ದೀರಿ. ಟ್ಯಾಂಕಿನ ಸೆಂಡರ್, ಎಂಜಿನ್ನಿನ ಸೆಂಡರ್ ಎರಡೂ ಒಂದೇ ದಿನ ಮಾತಾಡಿಕೊಂಡು ಕೆಡುವುದಿಲ್ಲ ಅಲ್ವಾ? ಎರಡೂ ಮೀಟರಿಗೆ ಕರೆಂಟ್ ಬರುವುದು ಒಂದೇ ಜಾಗದಿಂದ, ಡ್ಯಾಶ್‌ಬೋರ್ಡ್ ಹಿಂದೆ ಇರುವ ಪುಟ್ಟ ವೋಲ್ಟೇಜ್ ಸ್ಟೆಬಿಲೈಸರ್‌ನಿಂದ. ಒಂದೇ ಮುಳ್ಳು ಕೆಟ್ಟಿದ್ದರೆ ಮಾತು ಬೇರೆ. ಆಗ ಆ ಮೀಟರ್, ಅದರ ವೈರು, ಅದರ ಸೆಂಡರ್ ನೋಡಬೇಕು.

ನಮ್ಮ ಮನೆಯ ಫ್ರಿಜ್ ಸ್ಟೆಬಿಲೈಸರ್ ಥರ ಇದು ಅಂದುಕೊಳ್ಳಬೇಡಿ. ಇಸ್ತ್ರಿ ಪೆಟ್ಟಿಗೆ ನೆನಪಿಸಿಕೊಳ್ಳಿ, ಬಿಸಿಯಾದರೆ ಟಕ್ ಅಂತ ಆಫ್, ತಣ್ಣಗಾದರೆ ಮತ್ತೆ ಆನ್. ಇದರೊಳಗೂ ಹಾಗೇ ಎರಡು ಲೋಹ ಅಂಟಿಸಿದ ಒಂದು ಪಟ್ಟಿ, ಅದರ ಮೇಲೆ ಸುತ್ತಿದ ತೆಳು ತಂತಿ. ತಂತಿ ಬಿಸಿಯಾದಾಗ ಪಟ್ಟಿ ಬಾಗಿ ಕಾಂಟ್ಯಾಕ್ಟ್ ಬಿಡುತ್ತದೆ, ಆರಿದಾಗ ಮತ್ತೆ ಕೂಡುತ್ತದೆ. ಬ್ಯಾಟರಿ 12 ಇರಲಿ, ಓಡುವಾಗ 14 ಇರಲಿ, ಹೀಗೆ ಬಿಟ್ಟು ಹಿಡಿದು ಸರಾಸರಿ 10 ವೋಲ್ಟ್ ಆಗುತ್ತದೆ. ಮೀಟರ್‌ಗಳೂ ಬಿಸಿಯಿಂದಲೇ ನಡೆಯುವಂಥವು, ಸೋಮಾರಿಗಳು, ಅದಕ್ಕೇ ಈ ಬಡಿತ ಮುಳ್ಳಿನಲ್ಲಿ ಕಾಣುವುದಿಲ್ಲ.

ಈಗ ಮುಖ್ಯ ವಿಷಯ. ಆ ತಂತಿ ಬಿಸಿಯಾಗಬೇಕಾದರೆ ಸ್ಟೆಬಿಲೈಸರ್‌ನ ಡಬ್ಬಿಗೆ ಅರ್ಥಿಂಗ್, ಅಂದರೆ ಕಾರಿನ ಲೋಹದ ಬಾಡಿಯ ಸಂಪರ್ಕ, ಸಿಗಬೇಕು. ಸಿಗದಿದ್ದರೆ ಕಾಂಟ್ಯಾಕ್ಟ್ ಬಿಡುವುದೇ ಇಲ್ಲ, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮೀಟರಿಗೆ ಹೋಗುತ್ತದೆ, ಎರಡೂ ಮುಳ್ಳು ಮೇಲಕ್ಕೆ. ನಿಮ್ಮ ಕಾಯಿಲೆಯ ಲಕ್ಷಣ ಇದೇ. ಕಾಂಟ್ಯಾಕ್ಟ್ ಕಪ್ಪಾಗಿ ಕೂಡದೇ ಹೋದರೆ ಉಲ್ಟಾ, ಎರಡೂ ಮುಳ್ಳು ಕೆಳಗೇ ಮಲಗಿರುತ್ತವೆ.

ನಾನು ಇದನ್ನು ದುಡ್ಡು ಕೊಟ್ಟು ಕಲಿತೆ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಕಾರನ್ನು ಕೊವೆಂಟ್ರಿ ಪಕ್ಕದಲ್ಲೇ ಕೊಂಡೆ, ಅಜ್ಜನ ಹತ್ತಿರ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು ಅನ್ನೋ ಒಂದೇ ಹುಚ್ಚಿಗೆ. ಡ್ಯಾಶ್‌ಬೋರ್ಡಿನ ಮರದ ಹಲಗೆ ಬಿಚ್ಚಿ ವಾರಗಟ್ಟಲೆ ಉಜ್ಜಿ ವಾರ್ನಿಷ್ ಹೊಡೆದೆ, ಕನ್ನಡಿಯಂತಾಯಿತು. ವಾಪಸ್ ಹಾಕಿದ ಮೇಲೆ ಎರಡೂ ಮುಳ್ಳು ಬಲಕ್ಕೆ ಓಡಿದವು. ಹೊಸ ಸ್ಟೆಬಿಲೈಸರ್ ತರಿಸಿದೆ. ಅದೇ ಕಥೆ. ಕೊನೆಗೆ ಟಾರ್ಚ್ ಹಿಡಿದು ಸ್ಟಿಯರಿಂಗ್ ಕೆಳಗೆ ಬೆನ್ನು ಮೇಲೆ ಮಲಗಿ ನೋಡಿದರೆ ಒಂದು ಕಪ್ಪು ವೈರು ಸುಮ್ನೆ ನೇತಾಡುತ್ತಿದೆ. ಮರದಿಂದ ಅರ್ಥಿಂಗ್ ಎಲ್ಲಿ ಬರಬೇಕು! ವೈರು ಸಿಕ್ಕಿಸಿದೆ, ಹಳೆಯ ಸ್ಟೆಬಿಲೈಸರ್ ಹಾಕಿದರೂ ಸರಿಯಾಯಿತು. ಹೊಸದು ಇನ್ನೂ ಡ್ರಾಯರಿನಲ್ಲಿದೆ.

ಪರೀಕ್ಷೆ ಹೀಗೆ ಮಾಡಿ. ಡಬ್ಬಿಯ ಮೇಲೆ ಬಿ, ಐ ಅಂತ ಗುರುತು ಇರುತ್ತದೆ. ಬಿ ಕಡೆ ಹಸಿರು ವೈರು ಬ್ಯಾಟರಿಯಿಂದ ಬರುತ್ತದೆ, ಐ ಕಡೆ ತಿಳಿ ಹಸಿರು ಮೀಟರಿಗೆ ಹೋಗುತ್ತದೆ. ಡಿಜಿಟಲ್ ಮಲ್ಟಿಮೀಟರ್ ಇಲ್ಲಿ ತಲೆ ಕೆಡಿಸುತ್ತದೆ, ಅಂಕಿ ಕುಣಿಯುತ್ತಲೇ ಇರುತ್ತದೆ. ಒಂದು ಚಿಕ್ಕ 12 ವೋಲ್ಟ್ ಬಲ್ಬ್ ತೆಗೆದುಕೊಂಡು ಒಂದು ತುದಿ ಐಗೆ, ಇನ್ನೊಂದು ಬಾಡಿಯ ಬರೀ ಲೋಹಕ್ಕೆ ಹಿಡಿಯಿರಿ, ಇಗ್ನಿಷನ್ ಆನ್ ಮಾಡಿ. ಮೊದಲು ಸ್ವಲ್ಪ ಹೊತ್ತು ಉರಿದು ಆಮೇಲೆ ಮಿನುಗಲು ಶುರುವಾದರೆ ಸ್ಟೆಬಿಲೈಸರ್ ಜೀವಂತ ಇದೆ. ಮಿನುಗದೇ ಒಂದೇ ಸಮ ಉರಿದರೆ ಡಬ್ಬಿಯಿಂದ ಬಾಡಿಗೆ ಒಂದು ತಾತ್ಕಾಲಿಕ ವೈರು ಕೊಡಿ. ಆಗ ಮಿನುಗಿತಾ? ಹಾಗಾದರೆ ಪಾರ್ಟ್ ಸರಿಯಿದೆ, ಅರ್ಥಿಂಗ್ ಹೋಗಿದೆ. ಆಗಲೂ ಮಿನುಗದಿದ್ದರೆ ಒಳಗೆ ಕಾಂಟ್ಯಾಕ್ಟ್ ಅಂಟಿಕೊಂಡಿದೆ ಅಥವಾ ತಂತಿ ಸುಟ್ಟಿದೆ, ಬದಲಾಯಿಸಿ. ಹೊಸದನ್ನು ಹಾಕುವಾಗ 'ಟಾಪ್' ಅಂತ ಇರುವ ಕಡೆ ಮೇಲಕ್ಕೇ ಇರಲಿ, ಮಲಗಿಸಿ ಹಾಕಿದರೆ ಒಳಗಿನ ಬಿಸಿ ಬೇರೆ ಥರ ಹರಡಿ ಲೆಕ್ಕ ತಪ್ಪುತ್ತದೆ.

ಮೀಟರ್ ಪರೀಕ್ಷೆಗೆ ಅಂತ ನೇರ 12 ವೋಲ್ಟ್ ಕೊಡಬೇಡಿ, ಸೆಂಡರ್ ವೈರನ್ನು ಬಾಡಿಗೆ ಮುಟ್ಟಿಸಿ ಹಾಗೇ ಬಿಡಲೂಬೇಡಿ. ಮುಳ್ಳು ಏಳಲು ಶುರುವಾದ ತಕ್ಷಣ ತೆಗೆಯಿರಿ.

ಇನ್ನು ಎಲೆಕ್ಟ್ರಾನಿಕ್ಸ್ ಗೊತ್ತಿರುವವರು ಯಾರಾದರೂ ಸ್ಟೆಬಿಲೈಸರ್ ಬದಲಿಗೆ 7810 ಅನ್ನೋ ರೆಗ್ಯುಲೇಟರ್ ಚಿಪ್ ಹಾಕಿ ಅಂತ ಹೇಳಿಯೇ ಹೇಳುತ್ತಾರೆ. ಹಾಕಬಹುದು, ಅಗ್ಗ, ನೆಟ್ಟಗೆ 10 ವೋಲ್ಟ್ ಕೊಡುತ್ತದೆ. ಆದರೆ ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ಅಂತ ಮೊದಲು ನೋಡಿ. ಹಳೆಯ ಪಾಸಿಟಿವ್ ಅರ್ಥಿಂಗ್ ಕಾರಿಗೆ ಅದನ್ನು ಹಾಗೇ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಹಳೆಯ ಡಬ್ಬಿಗೆ ಆ ಚಿಂತೆ ಇಲ್ಲ, ಹೇಗಿದ್ದರೂ ನಡೆಯುತ್ತದೆ. ಅದು ಕೆಟ್ಟಿಲ್ಲದಿದ್ದರೆ ನಾನಂತೂ ಅದನ್ನೇ ಇಟ್ಟುಕೊಳ್ಳುತ್ತೇನೆ.

ಕೈ ಹಾಕುವ ಮೊದಲು ವೈರುಗಳ ಫೋಟೋ ತೆಗೆದುಕೊಳ್ಳಿ, ಏನಾದರೂ ಬಿಚ್ಚುವ ಹೊತ್ತಿಗೆ ಬ್ಯಾಟರಿ ತೆಗೆದಿಡಿ. ಬಲ್ಬ್ ಮಿನುಗಿತೋ ಇಲ್ಲವೋ ಇಲ್ಲೇ ಬರೆಯಿರಿ, ಮುಂದಿನದು ಆಮೇಲೆ ನೋಡೋಣ.