ಹಳೆಯ ಕಾರ್ಡ್, ಹೊಸ ಕಾರ್ಡ್: ಹೋಲಿಸುವುದು ಹೇಗೆ?

ಪ್ರಶ್ನೆ: ನನ್ನಲ್ಲಿ ಎನ್‌ವಿಡಿಯಾದ ಜಿಟಿಎಕ್ಸ್ 1080 ಟಿಐ ಗ್ರಾಫಿಕ್ಸ್ ಕಾರ್ಡ್ ಇದೆ. ಅದರ ಜಾಗಕ್ಕೆ ಆರ್‌ಟಿಎಕ್ಸ್ 4060 ಹಾಕಿದರೆ ವೇಗ ಎಷ್ಟು ಹೆಚ್ಚುತ್ತದೆ? ಆರು ವರ್ಷ ಹೊಸದು, ದುಪ್ಪಟ್ಟಾದರೂ ಆಗಬೇಕಲ್ಲವೇ?

ಉತ್ತರ: ಆಗುವುದಿಲ್ಲ. ಹೆಸರಿನಲ್ಲಿರುವ 10, 40 ಎಂಬ ಮೊದಲ ಅಂಕಿಗಳು ಪೀಳಿಗೆಯನ್ನು ಹೇಳುತ್ತವೆ. 80, 60 ಎಂಬ ಕೊನೆಯ ಅಂಕಿಗಳು ದರ್ಜೆಯನ್ನು. ನಿಮ್ಮದು 2017ರ ಮೇಲ್ದರ್ಜೆಯ ಕಾರ್ಡ್, 4060 ಎಂಬುದು 2023ರ ಕೆಳಗಿನ ಮೆಟ್ಟಿಲಿನದು. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ನೆರಳು, ಪ್ರತಿಫಲನ ಬಿಡಿಸುವ ವಿಧಾನ) ಇಲ್ಲದ ಆಟಗಳಲ್ಲಿ 4060 ಸ್ವಲ್ಪ ಮುಂದಿರುತ್ತದೆ, ಅಷ್ಟೇ.

ಮೆಮೊರಿಯಲ್ಲಿ ನಿಮ್ಮ ಹಳೆಯ ಕಾರ್ಡೇ ದೊಡ್ಡದು. ಅದಕ್ಕೆ 11 ಜಿಬಿ, 352 ಬಿಟ್ ಬಸ್ (ಮೆಮೊರಿಗೆ ಹೋಗುವ ದಾರಿಯ ಅಗಲ), ಸೆಕೆಂಡಿಗೆ 484 ಜಿಬಿ ಸಾಗಿಸುವ ಶಕ್ತಿ ಇದೆ. 4060ಗೆ ಇರುವುದು 8 ಜಿಬಿ, 128 ಬಿಟ್, 272 ಜಿಬಿ. ಇಷ್ಟು ಕಿರಿದಾದ ದಾರಿಯಲ್ಲೂ ಅದು ಮುಂದೆ ಹೋಗುವುದು ಚಿಪ್‌ನೊಳಗಿನ 24 ಎಂಬಿ ಎಲ್2 ಕ್ಯಾಶ್ ಎಂಬ ಚಿಕ್ಕ, ವೇಗದ ಮೆಮೊರಿಯಿಂದ. 1080 ಟಿಐನಲ್ಲಿ ಇದು 3 ಎಂಬಿಯೂ ಇಲ್ಲ. ಬೇಕಾದ ದತ್ತಾಂಶ ಕ್ಯಾಶ್‌ನಲ್ಲೇ ಸಿಕ್ಕಿದರೆ ಮೆಮೊರಿವರೆಗೆ ಹೋಗುವ ಕೆಲಸವೇ ಇರುವುದಿಲ್ಲ. ರೆಸಲ್ಯೂಷನ್ (ಚಿತ್ರದ ಚುಕ್ಕೆಗಳ ಸಂಖ್ಯೆ) ಏರಿದಂತೆ ಕ್ಯಾಶ್ ಸಾಲದಾಗುತ್ತದೆ. ಹಾಗಾಗಿ 1080ಪಿಯಲ್ಲಿ ಕಂಡ ಮುನ್ನಡೆ 4ಕೆಯಲ್ಲಿ ಉಳಿಯುವುದಿಲ್ಲ. ಟೆಕ್ಸ್ಚರ್‌ಗಳು (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳು) 8 ಜಿಬಿ ದಾಟಿದರಂತೂ ಆಟ ತಡವರಿಸಿ ತಡವರಿಸಿ ಓಡುತ್ತದೆ.

ಹಾಗೆಂದು ಹಳೆಯದೇ ಮೇಲು ಎಂದು ನಾನು ಹೇಳುತ್ತಿಲ್ಲ. ಹೆಚ್ಚುಕಮ್ಮಿ ಅದೇ ಕೆಲಸಕ್ಕೆ 1080 ಟಿಐ 250 ವ್ಯಾಟ್ ಎಳೆದರೆ 4060ಗೆ 115 ವ್ಯಾಟ್ ಸಾಕು. ಬಿಸಿ ಕಡಿಮೆ, ಫ್ಯಾನ್ ಸದ್ದು ಕಡಿಮೆ. ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. 2025ರಲ್ಲಿ ಬಂದ ‘ಡೂಮ್: ದ ಡಾರ್ಕ್ ಏಜಸ್’ನಂಥ ಆಟಕ್ಕೆ ರೇ ಟ್ರೇಸಿಂಗ್ ಹಾರ್ಡ್‌ವೇರ್ ಕಡ್ಡಾಯ, 1080 ಟಿಐನಲ್ಲಿ ಅದು ಇಲ್ಲ. ಅಂಥ ಕಡೆ ಹೋಲಿಕೆಗೆ ಅರ್ಥವೇ ಇಲ್ಲ, ಒಂದು ಕಾರ್ಡ್ ಆಡಿಸುತ್ತದೆ, ಇನ್ನೊಂದು ಆಡಿಸುವುದಿಲ್ಲ. ಜಿಟಿಎಕ್ಸ್ 10 ಸರಣಿಗೆ ಹೊಸ ಆಟಗಳಿಗೆಂದೇ ಬರುತ್ತಿದ್ದ ಡ್ರೈವರ್‌ಗಳನ್ನೂ ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ; ಇನ್ನು ಬರುವುದು ಭದ್ರತೆಯ ಅಪ್‌ಡೇಟ್ ಮಾತ್ರ.

ಸದ್ಯ ಆಡುತ್ತಿರುವ ಆಟಗಳು ಚೆನ್ನಾಗಿಯೇ ಓಡುತ್ತಿದ್ದರೆ ಇದನ್ನೇ ಇಟ್ಟುಕೊಳ್ಳಿ. ಬದಲಾಯಿಸಲೇಬೇಕು ಎಂದಾದರೆ 12 ಜಿಬಿಗಿಂತ ಕಡಿಮೆಯ ಕಾರ್ಡಿಗೆ ಹೋಗಬೇಡಿ. 11 ಬಿಟ್ಟು 8ಕ್ಕೆ ಇಳಿದದ್ದು ಮುಂದೆ ಕಾಡುತ್ತದೆ.

ಪ್ರಶ್ನೆ: ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಸಂಖ್ಯೆ, ಟೆರಾಫ್ಲಾಪ್ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ದಶಾಂಶ ಲೆಕ್ಕ ಎಂಬ ಅಳತೆ) ನೋಡಿ ಲೆಕ್ಕ ಹಾಕಬಹುದೇ?

ಉತ್ತರ: ಒಂದೇ ಪೀಳಿಗೆಯ ಒಳಗೆ ಹಾಕಬಹುದು, ಪೀಳಿಗೆ ದಾಟಿದರೆ ಲೆಕ್ಕ ತಪ್ಪುತ್ತದೆ. ಆರ್‌ಟಿಎಕ್ಸ್ 2080 ಟಿಐನಲ್ಲಿ 4352 ಕೋರ್, ಸುಮಾರು 13.4 ಟೆರಾಫ್ಲಾಪ್. ಆರ್‌ಟಿಎಕ್ಸ್ 3070ಯಲ್ಲಿ 5888 ಕೋರ್, ಸುಮಾರು 20.3. ಕಾಗದದ ಮೇಲೆ ಒಂದೂವರೆ ಪಟ್ಟು, ಆಟದಲ್ಲಿ ಎರಡೂ ಹತ್ತಿರಹತ್ತಿರ ಸಮ. 30 ಸರಣಿಯಲ್ಲಿ ಅರ್ಧದಷ್ಟು ಘಟಕಗಳು ದಶಾಂಶದ ಲೆಕ್ಕವನ್ನಾದರೂ ಮಾಡುತ್ತವೆ, ಪೂರ್ಣಾಂಕದ ಲೆಕ್ಕವನ್ನಾದರೂ ಮಾಡುತ್ತವೆ, ಒಟ್ಟಿಗೆ ಎರಡನ್ನೂ ಅಲ್ಲ. ಟೆರಾಫ್ಲಾಪ್ ಎಣಿಸುವಾಗ ಅವೆಲ್ಲ ದಶಾಂಶಕ್ಕೇ ದುಡಿಯುತ್ತಿವೆ ಎಂದು ಹಿಡಿಯುತ್ತಾರೆ. ಆಟಕ್ಕೆ ಎರಡೂ ಬೇಕು.

ಪ್ರಶ್ನೆ: ಹೊಸ ಕಾರ್ಡ್ ಹಾಕಿದ ಮೇಲೆ ಬೆಂಚ್‌ಮಾರ್ಕ್ ಅಂಕ ಏರಿತು. ಆಟದಲ್ಲಿ ಮಾತ್ರ ಸೆಕೆಂಡಿಗೆ ಬರುವ ಫ್ರೇಮ್‌ಗಳು (ಚಿತ್ರಗಳು) ಇದ್ದಷ್ಟೇ ಇವೆ. ಕಾರ್ಡ್ ದೋಷವೇ? ಎರಡನ್ನೂ ಸರಿಯಾಗಿ ಅಳೆಯುವುದು ಹೇಗೆ?

ಉತ್ತರ: ಕಾರ್ಡ್ ಸರಿಯಾಗಿದೆ, ಕೈತುಂಬ ಕೆಲಸ ಸಿಗುತ್ತಿಲ್ಲ. ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಜಿಪಿಯು (ಕಾರ್ಡಿನ ಮುಖ್ಯ ಚಿಪ್) ಬಳಕೆ ನೋಡಿ. 95ರಿಂದ 99 ಶೇಕಡಾ ಇದ್ದರೆ ಕಾರ್ಡ್ ಪೂರ್ತಿ ದುಡಿಯುತ್ತಿದೆ. 60–70ರಲ್ಲಿ ನಿಂತಿದ್ದರೆ ಪ್ರೊಸೆಸರ್ ಹಿಂದೆ ಬಿದ್ದಿದೆ, ಇಲ್ಲವೇ ವಿ-ಸಿಂಕ್ (ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಹೊಂದಿಸುವ ಸೌಲಭ್ಯ) ಅಥವಾ ಫ್ರೇಮ್ ಮಿತಿ ಕಟ್ಟಿಹಾಕಿದೆ. ಮಿತಿ ತೆಗೆದು, ರೆಸಲ್ಯೂಷನ್ ಅನ್ನು 1080ಪಿಯಿಂದ 720ಪಿಗೆ ಇಳಿಸಿ. ಆಗಲೂ ಫ್ರೇಮ್ ಏರದಿದ್ದರೆ ಅಡಚಣೆ ಪ್ರೊಸೆಸರ್ ಕಡೆಯದೇ. ರ‍್ಯಾಮ್ ಒಂದೇ ಸ್ಲಾಟ್‌ನಲ್ಲಿದೆಯೇ, ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ಅನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಆಗಿದೆಯೇ ಎಂದೂ ನೋಡಿ. ಇವೆರಡೂ ಪ್ರೊಸೆಸರ್ ಅನ್ನು ನಿಧಾನ ಮಾಡುತ್ತವೆ.

ಅಳೆಯುವಾಗ ಒಂದು ಕಾರ್ಡ್ ತೆಗೆಯುವ ಮೊದಲು ಸೇಫ್ ಮೋಡ್‌ನಲ್ಲಿ ಡಿಡಿಯು ಎಂಬ ತಂತ್ರಾಂಶ ಬಳಸಿ ಡ್ರೈವರ್ ಪೂರ್ತಿ ತೆಗೆದುಹಾಕಿ. ಎರಡೂ ಕಾರ್ಡಿಗೆ ಸಾಧ್ಯವಾದರೆ ಒಂದೇ ಆವೃತ್ತಿಯ ಡ್ರೈವರ್ ಇರಲಿ. ಹದಿನೈದು ನಿಮಿಷ ಆಡಿ ಕಾರ್ಡ್ ಬಿಸಿಯಾಗಲು ಬಿಡಿ. ತಣ್ಣಗಿನ ಕಾರ್ಡ್ ಹೆಚ್ಚಿನ ಕ್ಲಾಕ್‌ನಲ್ಲಿ (ಚಿಪ್‌ನ ವೇಗದಲ್ಲಿ) ಓಡಿ ಸುಳ್ಳು ಅಂಕಿ ಕೊಡುತ್ತದೆ. ಆಮೇಲೆ ಒಂದೇ ದೃಶ್ಯ, ಒಂದೇ ದಾರಿ, 60 ಸೆಕೆಂಡ್. ನಾಲ್ಕು ಸಲ ಓಡಿಸಿ, ಮೊದಲನೆಯದನ್ನು ಕೈಬಿಡಿ, ಏಕೆಂದರೆ ಆಗ ಶೇಡರ್‌ಗಳು (ಚಿತ್ರ ಬಿಡಿಸುವ ಚಿಕ್ಕ ಪ್ರೋಗ್ರಾಂಗಳು) ತಯಾರಾಗುತ್ತಿರುತ್ತವೆ.

ಫ್ರೇಮ್ ಅಳೆಯುವ ಕ್ಯಾಪ್‌ಫ್ರೇಮ್‌ಎಕ್ಸ್ ತಂತ್ರಾಂಶದಲ್ಲಿ ಸರಾಸರಿಯ ಜೊತೆ ‘1% ಲೋ’ (ಅತಿ ನಿಧಾನದ 1% ಫ್ರೇಮ್‌ಗಳ ವೇಗ) ಕೂಡ ಬರೆದುಕೊಳ್ಳಿ. ಸರಾಸರಿ 70 ಫ್ರೇಮ್ ಕೊಡುವ ಎರಡು ಕಾರ್ಡ್‌ಗಳಲ್ಲಿ ಒಂದರ 1% ಲೋ 55, ಇನ್ನೊಂದರದು 30 ಎನ್ನೋಣ. ಸರಾಸರಿ ಸಮ, ಆಡುವವರಿಗೆ ಎರಡನೆಯದು ಸಹಿಸಲಾಗದು. 60 ಫ್ರೇಮ್ ಎಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡ್, ನಡುವೆ 50 ಮಿಲಿಸೆಕೆಂಡಿನದು ಒಂದು ಬಂದರೂ ಕಣ್ಣಿಗೆ ಹೊಡೆಯುತ್ತದೆ.

ಫ್ರೇಮ್ ಜನರೇಷನ್ ಆಫ್ ಇರಲಿ. ಅದು ನಡುವೆ ತುಂಬುವ ಫ್ರೇಮ್‌ಗಳಿಂದ ಎಣಿಕೆ ಏರುತ್ತದೆ, ಮೌಸ್‌ಗೆ ಆಟ ಸ್ಪಂದಿಸುವ ವೇಗ ಏರುವುದಿಲ್ಲ. ಡಿಎಲ್‌ಎಸ್‌ಎಸ್ (ಕಡಿಮೆ ರೆಸಲ್ಯೂಷನ್‌ನ ಚಿತ್ರವನ್ನು ಹಿಗ್ಗಿಸುವ ಸೌಲಭ್ಯ) ಕೂಡ ಆಫ್ ಇರಲಿ: 1440ಪಿಯಲ್ಲಿ ‘ಕ್ವಾಲಿಟಿ’ ಆರಿಸಿದರೆ ಒಳಗೆ ಚಿತ್ರ ತಯಾರಾಗುವುದು 960ಪಿಯಲ್ಲಿ. ಹಳೆಯದನ್ನು ಪೂರ್ತಿ 1440ಪಿಯಲ್ಲಿ ಓಡಿಸಿ, ಹೊಸದನ್ನು 960ಪಿಯಲ್ಲಿ ಓಡಿಸಿ ‘ದುಪ್ಪಟ್ಟು ವೇಗ’ ಎನ್ನುವುದು ನ್ಯಾಯವಲ್ಲ.

ಪ್ರಶ್ನೆ: ನನ್ನ ಮದರ್‌ಬೋರ್ಡ್‌ನಲ್ಲಿ ಕಾರ್ಡ್ ಕೂರುವ ಸ್ಲಾಟ್ ಪಿಸಿಐಇ 3.0. ಹೊಸ 4.0 ಕಾರ್ಡ್ ಕುಂಟುತ್ತದೆಯೇ?

ಉತ್ತರ: ಕಾರ್ಡ್ ಎಷ್ಟು ಲೇನ್ (ದತ್ತಾಂಶ ಸಾಗುವ ಸಾಲು) ಬಳಸುತ್ತದೆ ಎಂಬುದನ್ನು ನೋಡಿ. 16 ಲೇನ್‌ನದಕ್ಕೆ ನಷ್ಟ ಅತ್ಯಲ್ಪ. 4060 ಬಳಸುವುದು 8 ಲೇನ್. ಮೆಮೊರಿ ತುಂಬದಿರುವವರೆಗೆ ತೊಂದರೆ ಕಾಣಿಸದು. ಆದರೆ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿಗೆ ನಾಲ್ಕೇ ಲೇನ್, ಮೆಮೊರಿಯೂ 4 ಜಿಬಿ. ಆ 4 ಜಿಬಿ ತುಂಬಿ ದತ್ತಾಂಶ ಸ್ಲಾಟ್ ಮೂಲಕ ಬರತೊಡಗಿದಾಗ 3.0 ಬೋರ್ಡ್‌ನಲ್ಲಿ ದಾರಿ ಅರ್ಧವಾಗಿರುತ್ತದೆ. ಹಳೆಯ ಬೋರ್ಡಿಗೆ ಈ ಕಾರ್ಡ್ ಬೇಡವೇ ಬೇಡ.

ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶದಲ್ಲಿ ‘@ x16 1.1’ (16 ಲೇನ್, ಪಿಸಿಐಇ 1.1) ಎಂದು ಕಂಡರೆ ಗಾಬರಿಯಾಗಬೇಡಿ. ಕೆಲಸವಿಲ್ಲದಾಗ ಲಿಂಕ್ ತಾನೇ ಇಳಿಯುತ್ತದೆ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿ. ಆಗ ಬರುವುದೇ ನಿಜವಾದ ಅಂಕಿ. 16 ಇರಬೇಕಾದಲ್ಲಿ ಆಗಲೂ 8 ಅಥವಾ 4 ಲೇನ್ ತೋರಿದರೆ ಕಾರ್ಡ್ ಸರಿಯಾಗಿ ಕೂತಿಲ್ಲ, ಇಲ್ಲವೇ ತಪ್ಪು ಸ್ಲಾಟ್‌ನಲ್ಲಿದೆ.

ಪ್ರಶ್ನೆ: ಬಳಸಿದ ಆರ್‌ಎಕ್ಸ್ 580 ಕೊಂಡೆ. ಬೇರೆಯವರ 580ಗಿಂತ ನಿಧಾನ. ಏಕೆ?

ಉತ್ತರ: ಜಿಪಿಯು-ಝಡ್‌ನಲ್ಲಿ ‘ಶೇಡರ್ಸ್’ (ಇಲ್ಲಿ ಕೋರ್‌ಗಳ ಸಂಖ್ಯೆ) ಓದಿ. 2304 ಇದ್ದರೆ ಪೂರ್ಣ 580. 2048 ಇದ್ದರೆ ಅದೇ ಹೆಸರಿನಲ್ಲಿ ಬಂದ ಕಡಿಮೆ ಶಕ್ತಿಯ ಚಿಪ್, ಅದನ್ನು ಸರಿಪಡಿಸಲಾಗದು. ಸಂಖ್ಯೆ ಸರಿಯಿದ್ದರೆ ಬಿಸಿಯನ್ನು ಅನುಮಾನಿಸಿ: ಹತ್ತು ನಿಮಿಷ ಆಡಿದ ಮೇಲೆ ಕ್ಲಾಕ್ ಇಳಿಯುತ್ತಾ ಹೋದರೆ ಹೀಟ್‌ಸಿಂಕ್‌ನ ದೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ಮೆಮೊರಿ ಚಿಪ್‌ಗಳ ಮೇಲಿನ ಪ್ಯಾಡ್ ಬದಲಿಸುವುದಾದರೆ ಮೊದಲಿನಷ್ಟೇ ದಪ್ಪದ್ದು ಹಾಕಿ. ದಪ್ಪ ಹೆಚ್ಚಾದರೆ ಹೀಟ್‌ಸಿಂಕ್ ಮುಖ್ಯ ಚಿಪ್‌ಗೆ ತಾಗದೆ ಬಿಸಿ ಇನ್ನಷ್ಟು ಏರುತ್ತದೆ.