ಉಪ್ಪಿನ ಕೊಳದ ಹಾದಿಗೆ ಬೀಗವೇಕೆ?

ಕ್ಯಾಲಿಫೋರ್ನಿಯಾದ ಸನಿವೇಲ್‌ನಿಂದ ಓದುಗರೊಬ್ಬರು ಬರೆದಿದ್ದಾರೆ: ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ದಂಡೆಯ ಹಳೆಯ ಉಪ್ಪಿನ ಕೊಳಗಳ ಬಳಿ ಸಾಕುನಾಯಿಯೊಡನೆ ನಡೆಯಲು ಹೋದರೆ, ಹಕ್ಕಿಗಳು ಮೊಟ್ಟೆಯಿಡುವ ಕಾಲವೆಂದು ಹಾದಿಯನ್ನೇ ಮುಚ್ಚಿರುತ್ತಾರೆ, ತೆರಿಗೆ ಕಟ್ಟುವವರಿಗಿಂತ ಹಿಡಿಯಷ್ಟು ಹಕ್ಕಿ ಹೆಚ್ಚಾಯಿತೇ? ಬೆಂಗಳೂರಿನ ಕೆರೆಗಳಂತೆ ಸುತ್ತಲೂ ಪಥ ಹಾಕಬಾರದೇ?

ಉತ್ತರ: ದುಡಿದು ದಣಿದವರಿಗೆ ಗಾಳಿ ಬೆಳಕಿನ ಬಯಲು ಬೇಕು, ಒಪ್ಪಿದೆ. ನಿಮ್ಮ ಚೊಕ್ಕ ಕನ್ನಡವೂ ಹಿಡಿಸಿತು. ಆದರೆ ಆ ‘ಹಿಡಿಯಷ್ಟು ಹಕ್ಕಿ’ ಯಾವುದೆಂದು ಒಮ್ಮೆಯಾದರೂ ವಿಚಾರಿಸಿದಿರಾ? ಅದು ಸ್ನೋಯಿ ಪ್ಲವರ್. ತೂಕ ಸುಮಾರು 40 ಗ್ರಾಂ. ಗೂಡೆಂದರೆ ಬರಿ ನೆಲದಲ್ಲಿ ಕೆರೆದ ತಗ್ಗು, ಅದರಲ್ಲಿ ಮರಳಿನ ಬಣ್ಣದ, ಕಪ್ಪು ಚುಕ್ಕೆಗಳ ಮೂರು ಮೊಟ್ಟೆ. ನೀವು ಹತ್ತಿರ ಬಂದರೆ ತಾಯಿ ಎದ್ದು ಓಡುತ್ತದೆ, ಕಾದಿದ್ದ ಕಾಗೆಗೆ ಅಷ್ಟೇ ಸಾಕು. ಕಡಲತೀರಗಳನ್ನೆಲ್ಲ ನಮ್ಮಂಥ ವಿಹಾರಿಗಳು ತುಳಿದದ್ದು ಈ ಹಕ್ಕಿ ಕುಗ್ಗಲು ಒಂದು ಮುಖ್ಯ ಕಾರಣ. ಪೆಸಿಫಿಕ್ ತೀರದ ಈ ಸಂತತಿಯನ್ನು 1993ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಉದ್ಯಮ ಬಿಟ್ಟುಹೋದ ಒಣ ಉಪ್ಪಿನ ನೆಲದಲ್ಲಿ ಅದೀಗ ಮರಿ ಮಾಡುತ್ತಿದೆ. ಆ ನೆಲವೂ ನಮಗೇ ಬೇಕೆನ್ನುವುದು ಯಾವ ನ್ಯಾಯ?

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಆ ಕೊಲ್ಲಿಯ ಜೌಗಿಗೆ ದಂಡೆ ಕಟ್ಟಿ ಉಪ್ಪು ತೆಗೆದರು. 2003ರಲ್ಲಿ ಸರ್ಕಾರಗಳೂ ಖಾಸಗಿ ಪ್ರತಿಷ್ಠಾನಗಳೂ ಸೇರಿ ಕಾರ್ಗಿಲ್ ಕಂಪನಿಯಿಂದ ಕೊಳಗಳನ್ನು ಕೊಂಡುಕೊಂಡವು. ದಕ್ಷಿಣ ಕೊಲ್ಲಿಯಲ್ಲಿಯೇ 15,100 ಎಕರೆ. 2006ರಲ್ಲಿ ಆಲ್ವಿಸೊ ಬಳಿ ದಂಡೆ ಒಡೆದಾಗ ಭರತದ ನೀರು ಒಳನುಗ್ಗಿ, ಹೂಳು ಕೂತು, ಜೌಗು ಸಸ್ಯಗಳು ಮರಳತೊಡಗಿದವು. ಆದರೆ ಎಲ್ಲವನ್ನೂ ಜೌಗಿಗೆ ಬಿಟ್ಟರೆ ಪ್ಲವರ್‌ಗೆ ಒಣನೆಲ ಉಳಿಯದು. ಆದ್ದರಿಂದ ಕೆಲವು ಕೊಳಗಳನ್ನು ಬೇಕೆಂದೇ ಬತ್ತಿಸಿಡುತ್ತಾರೆ. ಗೋಕರ್ಣ ಕಡೆಯ ಸಾಣಿಕಟ್ಟೆಯ ಉಪ್ಪಿನಾಗರಗಳ ನಡುವೆ ಬೆಳೆದ ನನ್ನ ಮಿತ್ರರೊಬ್ಬರು ಅಲ್ಲಿಗೆ ಹೋಗಿಬಂದು, “ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಲೇಔಟ್ ಆಗಿರುತ್ತಿತ್ತು” ಎಂದರು.

ಇನ್ನು ಬೆಂಗಳೂರಿನ ಮಾದರಿ! ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಉಳಿದವುಗಳಲ್ಲಿ ಎಷ್ಟೋ ಕೆರೆಗಳ ಅಂಚಿನ ಜೊಂಡು ಕಿತ್ತು, ಕಲ್ಲು ಹಾಸಿ, ಬಾಣಲೆಯಂತೆ ಮಾಡಿ, ಅದನ್ನೇ ಅಭಿವೃದ್ಧಿಯೆಂದು ಫಲಕ ಹಾಕಿದ್ದೇವೆ. ನಿಮ್ಮ ಊರಿನ ಆಸುಪಾಸಿನಲ್ಲಾದರೋ, 1961ರಲ್ಲಿ ಬರ್ಕ್ಲಿಯ ಮೂವರು ಮಹಿಳೆಯರು ಕೊಲ್ಲಿಗೆ ಮಣ್ಣು ತುಂಬುವುದನ್ನು ತಡೆಯಲು ಚಳವಳಿ ಹೂಡಿದರು. 1965ರಲ್ಲಿ ಅದಕ್ಕೆ ಕಾನೂನೇ ಬಂತು. ನೀವು ನಡೆಯುವ ದಂಡೆ ಅಂಥವರ ಹಟದಿಂದ ಉಳಿದದ್ದು.

ಮೊಟ್ಟೆಯಿಡುವ ಕಾಲ ಮಾರ್ಚ್‌ನಿಂದ ಸೆಪ್ಟೆಂಬರ್ ನಡುವಿನವರೆಗೆ. ಅಲ್ಲಿಯವರೆಗೆ ಮೌಂಟನ್ ವ್ಯೂನಲ್ಲಿ ಕಸ ತುಂಬಿದ ನೆಲದ ಮೇಲೆಯೇ ಎದ್ದಿರುವ ಶೋರ್‌ಲೈನ್ ಉದ್ಯಾನವಿದೆ, ನಡೆಯಿರಿ. ಅಕ್ಟೋಬರಿನಲ್ಲಿ ಕೊಳಗಳತ್ತ ಹೋಗಿ. ನಾಯಿಯನ್ನು ಮಾತ್ರ ಮನೆಯಲ್ಲೇ ಬಿಡಿ.